ಬಿಟ್ಟವನನ್ನು ನಿಲ್ಲಿಸಿದವರು

ಕಾರ್ಕಳದ ಬಂಡೆಗುಡ್ಡದ ಮೇಲೆ 1432ರ ಫೆಬ್ರುವರಿ 13ರಂದು ಬಾಹುಬಲಿಯನ್ನು ನಿಲ್ಲಿಸಿದ ವೀರಪಾಂಡ್ಯ ಭೈರರಸನನ್ನು ನಾವು ಕರಾವಳಿಯ ಅರಸನೆಂದೇ ನೆನೆಯುತ್ತೇವೆ. ಆದರೆ ಅವನ ಮನೆತನ ಘಟ್ಟದ ಮೇಲಿನದು. ಹೊಂಬುಜದಲ್ಲಿ ಬೇರುಬಿಟ್ಟ ಸಾಂತರರ ಒಂದು ಕವಲು ಭದ್ರೆಯ ದಂಡೆಯ ಕಳಸಕ್ಕೆ ಬಂತು. ಅಲ್ಲಿ ಆಳಿತು, ಅಲ್ಲಿಂದ ಘಟ್ಟ ಇಳಿದು ಕಾರ್ಕಳ ಸೇರಿತು. ಇತಿಹಾಸ ಬರೆಯುವವರು ಈ ರಾಜ್ಯವನ್ನು ಕಳಸ–ಕಾರ್ಕಳ ಎಂಬ ಜೋಡಿ ಹೆಸರಿನಿಂದಲೇ ಕರೆಯುತ್ತಾರೆ. ಮೊನ್ನೆ ಮೊನ್ನೆಯವರೆಗೆ ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದ, ಇವತ್ತು ಕಾಫಿ, ಅಡಿಕೆ, ಮೆಣಸಿನ ಲೆಕ್ಕಾಚಾರದಲ್ಲಿ ಮುಳುಗಿರುವ ಕಳಸ ಒಂದು ಕಾಲದಲ್ಲಿ ರಾಜಧಾನಿ. ಜೈನ ಅರಸರು ಅಲ್ಲಿನ ಕಳಸೇಶ್ವರನಿಗೆ ದತ್ತಿ ಬಿಟ್ಟ ಶಾಸನಗಳು ಸಾಲಾಗಿ ಸಿಗುತ್ತವೆ. ‘ಪಟ್ಟಿ ಪೊಂಬುಚ್ಚಪುರವರಾಧೀಶ್ವರ’ ಎಂದು ಹಳೆಯ ಊರಿನ ನೆನಪನ್ನೂ, ‘ಅರಿರಾಯ ಗಂಡರ ದಾವಣಿ’ ಎಂದು ಶತ್ರುರಾಜರನ್ನು ಕಟ್ಟಿಹಾಕುವ ಹೆಮ್ಮೆಯನ್ನೂ ಈ ವಂಶದವರು ಬಿರುದಾಗಿ ಹೊತ್ತು ತಿರುಗಿದರು.

ಇಂಥ ಬಿರುದಿನವರು ಸುಮಾರು 42 ಅಡಿ ಎತ್ತರದ ಕಲ್ಲಿನಲ್ಲಿ ಕಡೆಸಿದ್ದು ಯಾರನ್ನು? ಗೆದ್ದ ರಾಜ್ಯವನ್ನು ಅಣ್ಣನ ಮುಂದೆ ಎಸೆದು, ಉಟ್ಟ ಬಟ್ಟೆಯನ್ನೂ ಕಳಚಿ ಕಾಡಿಗೆ ಹೋದವನನ್ನು. ಸಿಂಹಾಸನದ ಮೇಲೆ ಕೂತವರು ಸಿಂಹಾಸನ ಬಿಟ್ಟವನನ್ನು ಯಾಕೆ ನಿಲ್ಲಿಸುತ್ತಾರೆ? ಅರಸನ ವೈರಾಗ್ಯದ ಬಗ್ಗೆ ಕನ್ನಡದಲ್ಲಿ ಪುರಾಣವಿದೆ, ಕಾವ್ಯವಿದೆ, ಶಾಸನವಿದೆ, ತುಳುವಿನಲ್ಲಿ ದೈವಗಳ ಕಥೆ ಹಾಡುವ ಪಾಡ್ದನವಿದೆ. ಇವೆಲ್ಲವನ್ನೂ ಒಂದೇ ಕಡೆ ಇಟ್ಟು ನೋಡಿದವರು ಕಡಿಮೆ. ಭಕ್ತರು ಪುರಾಣ ಹಿಡಿದರು, ಪಂಡಿತರು ಕಾವ್ಯ ಹಿಡಿದರು, ಸಂಶೋಧಕರು ಶಾಸನ ಹಿಡಿದರು. ದೈವದ ಅಂಗಳದ ಮಾತನ್ನು ಈ ಚರ್ಚೆಗೆ ಕರೆಯಲೇ ಇಲ್ಲ. ನಾಲ್ಕನ್ನೂ ಜೊತೆಗಿಟ್ಟು ಓದಿದ ಮೇಲೆ ನನಗೆ ಖಚಿತವಾದ ಸಂಗತಿ ಒಂದು: ಅರಸ ಏನು ಬಿಟ್ಟ ಎಂಬುದರ ಲೆಕ್ಕವನ್ನು ಅರಸನ ಕಡೆಯವರ ಬಾಯಿಂದ ಕೇಳಿದರೆ ಸಾಲದು, ಅವನ ಕೈಕೆಳಗಿದ್ದವರ ಬಾಯಿಂದಲೂ ಕೇಳಬೇಕು.

ಈ ವಂಶದ ಹುಟ್ಟುಕಥೆಯೇ ಒಬ್ಬ ಅರಸನ ಆಸೆಯಿಂದ ಶುರುವಾಗುತ್ತದೆ. ಉತ್ತರ ಮಧುರೆಯ ರಾಜ ಸಾಕಾರ, ಅಥವಾ ಸಹಕಾರ, ಕಾಡಿನ ಬೇಡರ ಹೆಣ್ಣಿಗೆ ಮರುಳಾದ. ಮೋಹ ಎಲ್ಲಿಗೆ ಹೋಯಿತೆಂದರೆ ನರಮಾಂಸ ತಿನ್ನುವಲ್ಲಿಗೆ. ಪಟ್ಟದ ಮಗ ಜಿನದತ್ತನ ಜೀವಕ್ಕೇ ಸಂಚಾಯಿತು. ತಾಯಿಯ ಮಾತಿನಂತೆ ಪದ್ಮಾವತಿಯ ಚಿನ್ನದ ಮೂರ್ತಿಯನ್ನು ಬೆನ್ನಿಗೆ ಕಟ್ಟಿಕೊಂಡು ಕುದುರೆ ಏರಿ ದಕ್ಷಿಣಕ್ಕೆ ಓಡಿದ ಹುಡುಗ ಒಂದು ಲಕ್ಕಿ ಗಿಡದ ಬುಡದಲ್ಲಿ ಇಳಿದ. ಆ ಜಾಗವೇ ಹೊಂಬುಜ. ಆ ಲಕ್ಕಿ ಮರಕ್ಕೆ ಇಂದಿಗೂ ಅಲ್ಲಿ ಪೂಜೆ ಸಲ್ಲುತ್ತದೆ. ಕಥೆಯ ಚರಿತ್ರೆ ಎಷ್ಟೋ, ಕಟ್ಟು ಎಷ್ಟೋ, ಆದರೆ ಒಂದು ರಾಜವಂಶ ತನ್ನ ಮೊದಲ ಪುಟದಲ್ಲೇ ಆಸೆಯಿಂದ ಕೆಟ್ಟ ಅಪ್ಪನನ್ನು ಇಟ್ಟುಕೊಂಡಿದೆ. ನಮ್ಮ ಮೂಲಪುರುಷ ಸೂರ್ಯನಿಂದ ಇಳಿದವನು, ಚಂದ್ರನಿಂದ ಇಳಿದವನು ಎಂದು ಹೇಳಿಕೊಂಡು ಸುಮ್ಮನಾಗುವ ವಂಶಾವಳಿಗಳ ನಡುವೆ ಈ ಕಥೆಯ ನೇರತನ ದೊಡ್ಡದು. ಅಪ್ಪನ ಹಸಿವಿನಿಂದ ತಪ್ಪಿಸಿಕೊಂಡು ಬಂದವನ ಸಂತತಿಗೆ, ಎಲ್ಲ ಹಸಿವನ್ನೂ ಗೆದ್ದು ನಿಂತವನ ಮೂರ್ತಿ ಬೇಕೆನಿಸಿದ್ದರಲ್ಲಿ ಅರ್ಥವಿದೆ.

ನಿಜವಾಗಿ ರಾಜ್ಯ ಬಿಟ್ಟ ಅರಸರು ಕನ್ನಡ ನಾಡಿನಲ್ಲಿ ಇದ್ದರೇ? ಇದ್ದರು. ಅವರಲ್ಲಿ ಹೆಚ್ಚು ಹೆಸರಾದವನು ಚಂದ್ರಗುಪ್ತ ಮೌರ್ಯ. ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ ಚಂದ್ರಗಿರಿ ಎಂಬ ಹೆಸರು ಬಂದದ್ದೇ ಅವನಿಂದ ಎನ್ನುತ್ತದೆ ಪರಂಪರೆ. ಆದರೆ ಬೆಟ್ಟದ ಮೇಲಿನ ಅತಿ ಹಳೆಯ ಶಾಸನ, ಕ್ರಿ.ಶ. 600ರ ಸುಮಾರಿನದು, ಚಂದ್ರಗುಪ್ತನ ಗುರುವೆನ್ನಲಾದ ಭದ್ರಬಾಹುವಿನ ಪರಂಪರೆಯನ್ನು ಹೇಳಿ ಸಮಾಧಿ ಪಡೆದ ಮುನಿಯನ್ನು ಪ್ರಭಾಚಂದ್ರ ಎನ್ನುತ್ತದೆ. ಭದ್ರಬಾಹುವಿನ ಜೊತೆ ಚಂದ್ರಗುಪ್ತ ಮುನಿಯ ಹೆಸರು ಶ್ರೀರಂಗಪಟ್ಟಣದ ಹತ್ತಿರದ 900ರ ಸುಮಾರಿನ ಶಾಸನಗಳಲ್ಲಿ ಕಾಣುತ್ತದೆ. ಈ ಇಬ್ಬರ ಕಥೆ ಹೇಳುವ ಹರಿಷೇಣ ತನ್ನ ಕಥಾಕೋಶ ಬರೆದದ್ದು 931ರಲ್ಲಿ. ಮೌರ್ಯನ ಕಾಲಕ್ಕೂ ಈ ಬರಹಗಳಿಗೂ ನಡುವೆ ಸಾವಿರ ವರ್ಷದ ಅಂತರವಿದೆ. ನಂಬುವವರು ನಂಬಲಿ. ಪುರಾವೆಯ ದೃಷ್ಟಿಯಿಂದ ನಾವು ಕಾಲಿಡಬೇಕಾದ ಗಟ್ಟಿ ನೆಲ ಇದಕ್ಕಿಂತ ಈಚೆಗಿದೆ.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ ಕ್ರಿ.ಶ. 814ರಿಂದ 878ರವರೆಗೆ ಆಳಿದ. ‘ಪ್ರಶ್ನೋತ್ತರ ರತ್ನಮಾಲಿಕೆ’ಯ ಕರ್ತೃತ್ವವನ್ನು ಅವನಿಗೆ ಕೊಡುವ ಪಾಠ, ಅವನು ವಿವೇಕದಿಂದ ರಾಜ್ಯ ತೊರೆದವನು ಎನ್ನುತ್ತದೆ. 871ರ ಸಂಜಾನ ತಾಮ್ರಪಟ ಇನ್ನೊಂದು ವಿಷಯ ಹೇಳುತ್ತದೆ: ನಾಡಿಗೆ ಬಂದ ಕೇಡು ತಪ್ಪಲೆಂದು ಅವನು ಮಹಾಲಕ್ಷ್ಮಿಗೆ ತನ್ನ ಬೆರಳನ್ನೇ ಕತ್ತರಿಸಿ ಒಪ್ಪಿಸಿದ. ಗ್ರಂಥ ಹೇಳುವ ರಾಜ್ಯತ್ಯಾಗಕ್ಕಿಂತ ತಾಮ್ರಪಟ ಹೇಳುವ ಈ ಬೆರಳೇ ನನ್ನ ಮನಸ್ಸಿನಲ್ಲಿ ಉಳಿದಿದೆ. ರಾಜ್ಯ ಬಿಟ್ಟದ್ದು ಅವನ ಬಿಡುಗಡೆಗೆ, ಬೆರಳು ಕೊಟ್ಟದ್ದು ಜನರ ಸಲುವಾಗಿ.

ಇನ್ನೂ ಸ್ಪಷ್ಟವಾದ ಸಾಕ್ಷಿ ಗಂಗರ ಇಮ್ಮಡಿ ಮಾರಸಿಂಹನದು. ಚಂದ್ರಗಿರಿಯ ಕೂಗೆ ಬ್ರಹ್ಮದೇವ ಕಂಬದ ಶಾಸನ ಅವನ ದಂಡಯಾತ್ರೆಗಳನ್ನು ಒಂದರ ಮೇಲೊಂದರಂತೆ ಪೇರಿಸುತ್ತದೆ. ನೊಳಂಬರನ್ನು ಅಳಿಸಿ ‘ನೊಳಂಬಕುಲಾಂತಕ’ ಎನಿಸಿಕೊಂಡವನು ಅವನು. ಇಷ್ಟೆಲ್ಲ ಹೇಳಿದ ಮೇಲೆ ಕೊನೆಗೆ ಕೆಲವೇ ಮಾತಿನಲ್ಲಿ ಶಾಸನ ಮುಗಿಯುತ್ತದೆ: ರಾಜ್ಯ ಬಿಟ್ಟ, ವರ್ಷದ ಬಳಿಕ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಪಾದದ ಬಳಿ ಮೂರು ದಿನ ನೋಂತು ಸಮಾಧಿ ಪಡೆದ. ಅದು 974–75ರ ಹೊತ್ತು. ಇದರ ಹಿಂದಿನ ರಾಜಕೀಯ ಮರೆಯುವಂತಿಲ್ಲ. 973ರಲ್ಲಿ ಚಾಲುಕ್ಯ ತೈಲಪ ರಾಷ್ಟ್ರಕೂಟರನ್ನು ಕೆಡವಿದ. ಮಾರಸಿಂಹ ತನ್ನ ಸೋದರಳಿಯ ನಾಲ್ಕನೆಯ ಇಂದ್ರನನ್ನು ಆ ಪಟ್ಟಕ್ಕೆ ಏರಿಸಲು ಹೆಣಗಿ ಸೋತ. ಆ ಇಂದ್ರನೂ 982ರ ಮಾರ್ಚ್‌ನಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನ, ಅಂದರೆ ಸಾಯುವವರೆಗಿನ ಉಪವಾಸ ವ್ರತ, ಕೈಗೊಂಡು ತೀರಿಕೊಂಡ. ಅವನ ಶಾಸನ ಕುದುರೆ ಮೇಲಿನ ಚೆಂಡಾಟದಲ್ಲಿ ಅವನಿಗಿದ್ದ ಕೈಚಳಕವನ್ನು ಬಗೆಬಗೆಯಾಗಿ ಬಣ್ಣಿಸುತ್ತದೆ. ಚಕ್ರವರ್ತಿ ಆಗಬೇಕಿದ್ದವನ ಬಗ್ಗೆ ಕಲ್ಲಿಗೆ ಹೇಳಲು ಸಿಕ್ಕಿದ್ದು ಚೆಂಡಾಟ ಮತ್ತು ಉಪವಾಸ. ಓದುವಾಗ ಮನಸ್ಸು ಭಾರವಾಗುತ್ತದೆ.

ಸೋತ ಮೇಲೆ ಬಂದ ವೈರಾಗ್ಯ ವೈರಾಗ್ಯವೇ ಎಂದು ಕೇಳುವವರಿದ್ದಾರೆ. ನನ್ನ ಉತ್ತರ, ಹೌದು. ಸೋತ ಅರಸರೆಲ್ಲ ಉಪವಾಸ ಕೂರಲಿಲ್ಲ. ಹೆಚ್ಚಿನವರು ಗೆದ್ದವನ ಸಾಮಂತರಾಗಿ ಬದುಕಿದರು, ಇನ್ನು ಕೆಲವರು ಮತ್ತೆ ದಂಡು ಕಟ್ಟಿದರು. ಬಾಗಿಲು ಮುಚ್ಚಿದ್ದು ಸೋಲು, ಇನ್ನೊಂದು ಬಾಗಿಲು ತೆರೆದದ್ದು ಅವರ ನಂಬಿಕೆ. ಆದರೂ ಒಂದು ಮಾತು ಒಪ್ಪಲೇಬೇಕು: ಕೈಯಿಂದ ಜಾರುತ್ತಿದ್ದ ರಾಜ್ಯವನ್ನು ಬಿಡುವುದೂ ಗೆದ್ದು ಹಿಡಿದ ರಾಜ್ಯವನ್ನು ಬಿಡುವುದೂ ಒಂದೇ ತೂಕದವಲ್ಲ. ಬಾಹುಬಲಿ ಗೆದ್ದು ಬಿಟ್ಟವನು. ಶಾಸನದ ಅರಸರಲ್ಲಿ ಅಂಥವರನ್ನು ಹುಡುಕಿದರೆ ಕೈಗೆ ಸಿಗುವವರು ಬಹಳ ಕಡಿಮೆ. ಈ ಮಲೆನಾಡನ್ನು ಮುಂದೆ ಆಳಿದ ಕೆಳದಿಯವರಲ್ಲಿ ದೊಡ್ಡ ಸಂಕಣ್ಣ ನಾಯಕ ತಮ್ಮನಿಗೆ ರಾಜ್ಯ ಒಪ್ಪಿಸಿ ತೀರ್ಥಯಾತ್ರೆಗೆ ಹೊರಟ ಕಥೆಯನ್ನು ‘ಕೆಳದಿನೃಪವಿಜಯ’ ಹೇಳುತ್ತದೆ. ಆ ಯಾತ್ರೆಯಲ್ಲೂ ಅವನ ಕತ್ತಿ ಜೊತೆಗೇ ಇತ್ತು.

  

ಶಾಸನ ಬಿಟ್ಟು ಕಾವ್ಯಕ್ಕೆ ಬಂದರೆ ಪ್ರಶ್ನೆ ತಿರುಗಿ ನಿಲ್ಲುತ್ತದೆ. ಅರಸ ಯಾವಾಗ ಬಿಟ್ಟ ಎಂಬುದಕ್ಕಿಂತ ಯಾಕೆ ಬಿಟ್ಟ ಎಂಬುದು ಕವಿಗಳಿಗೆ ಮುಖ್ಯ. 941ರಲ್ಲಿ ‘ಆದಿಪುರಾಣ’ ಬರೆದ ಪಂಪ ಅದಕ್ಕೆ ಮೂರು ಗಳಿಗೆಗಳನ್ನು ಕಟ್ಟಿದ. ಮೊದಲನೆಯದು ನೀಲಾಂಜನೆಯ ಕುಣಿತ. ಬಾಹುಬಲಿಯ ತಂದೆ ಆದಿದೇವನ ಓಲಗದಲ್ಲಿ ಕುಣಿಯುತ್ತಿದ್ದವಳು ಕುಣಿಯುತ್ತಲೇ ಇಲ್ಲವಾದಳು. ಇಂದ್ರ ತಕ್ಷಣ ಅವಳಂಥವಳನ್ನೇ ಅಲ್ಲಿ ನಿಲ್ಲಿಸಿದ, ತಾಳ ತಪ್ಪಲಿಲ್ಲ, ಸಭೆಗೆ ಗೊತ್ತೇ ಆಗಲಿಲ್ಲ. ಗೊತ್ತಾದದ್ದು ಒಬ್ಬನಿಗೆ. ಸಾವಿಗಿಂತ, ಸತ್ತವಳ ಜಾಗ ಅಷ್ಟು ಬೇಗ ತುಂಬಿಹೋದದ್ದೇ ಅವನನ್ನು ಅಲುಗಿಸಿತು ಎಂದು ನಾನು ಓದುತ್ತೇನೆ. ಎರಡನೆಯದು ಬಾಹುಬಲಿಯ ಅಣ್ಣ ಭರತ ವೃಷಭಾಚಲದ ಬಳಿ ನಿಂತ ಗಳಿಗೆ. ಆರು ಖಂಡ ಗೆದ್ದ ಚಕ್ರಿ ತನ್ನ ಹೆಸರು ಕೆತ್ತಿಸಲು ಬಂದು ನೋಡುತ್ತಾನೆ, ಬೆಟ್ಟದ ಮೈ ತುಂಬ ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳು, ಒಂದು ಹೆಸರಿಗೂ ಜಾಗವಿಲ್ಲ. ಗರ್ವ ಕುಗ್ಗಿತು. ಆದರೂ ಒಬ್ಬನ ಹೆಸರು ಅಳಿಸಿ ತನ್ನದನ್ನು ಕೆತ್ತಿಸಿದ. ಜಗತ್ತಿನ ಯಾವ ಸಾಹಿತ್ಯದಲ್ಲೂ ಅಧಿಕಾರದ ಆಸೆಯನ್ನು ಇಷ್ಟು ನಿಚ್ಚಳವಾಗಿ ಕಂಡ ಜಾಗಗಳು ಹೆಚ್ಚಿಲ್ಲ ಎಂದು ನನ್ನ ನಂಬಿಕೆ. ತಿಳಿದಮೇಲೂ ಕೆತ್ತಿಸಿದನಲ್ಲ, ಅದೇ ಅರಸುತನ.

ಮೂರನೆಯದು ಎಲ್ಲರಿಗೂ ಗೊತ್ತಿರುವ ಕಾಳಗ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ತಮ್ಮ ಗೆದ್ದ. ಅಣ್ಣನನ್ನು ಎತ್ತಿ ಹಿಡಿದ. ಸೋತ ಅಣ್ಣ ಚಕ್ರ ಬಿಟ್ಟ, ಚಕ್ರ ಬಾಹುಬಲಿಯ ಸುತ್ತ ಬಂದು ಸುಮ್ಮನೆ ನಿಂತಿತು. ಅಲ್ಲಿಗೆ ಅವನ ಮನಸ್ಸು ಮುರಿಯಿತು. ನೆಲಕ್ಕಾಗಿ ಅಣ್ಣ ಇಷ್ಟಕ್ಕೆ ಇಳಿಯುವುದಾದರೆ ಈ ನೆಲ ತನಗೆ ಬೇಡವೆಂದು ಹೊರಟ. ಕಥೆಯ ನಿಜವಾದ ತಿರುಳು ಇರುವುದು ಹೊರಟ ಮೇಲೆ. ವರ್ಷವಿಡೀ ನಿಂತ, ಕಾಲಿಗೆ ಹುತ್ತ ಬೆಳೆಯಿತು, ತೋಳಿಗೆ ಬಳ್ಳಿ ಹಬ್ಬಿತು, ಆದರೂ ಕೇವಲಜ್ಞಾನ, ಅಂದರೆ ಪೂರ್ಣ ಅರಿವು, ಒಲಿಯಲಿಲ್ಲ. ಒಳಗೊಂದು ಮುಳ್ಳು ಉಳಿದಿತ್ತು. ನಮ್ಮ ಹಳ್ಳಿಗಳಲ್ಲಿ ಹೇಳುವಂತೆ ಆ ಮುಳ್ಳು ‘ನಾನಿನ್ನೂ ಭರತನ ನೆಲದ ಮೇಲೆ ನಿಂತಿದ್ದೇನಲ್ಲ’ ಎಂಬ ಚುಚ್ಚು. ಸಂಸ್ಕೃತದಲ್ಲಿ ಆದಿಪುರಾಣ ಬರೆದ ಜಿನಸೇನಾಚಾರ್ಯರಲ್ಲಿ ಅದು ಅಣ್ಣನ ಮನಸ್ಸನ್ನು ನೋಯಿಸಿದೆನೆಂಬ ಕೊರಗು. ಶ್ವೇತಾಂಬರರಲ್ಲಿ ತನಗಿಂತ ಮೊದಲೇ ದೀಕ್ಷೆ ಪಡೆದ ತಮ್ಮಂದಿರಿಗೆ ತಲೆಬಾಗಲಾರದ ಗರ್ವ. ತಂಗಿಯರಾದ ಬ್ರಾಹ್ಮಿ, ಸುಂದರಿಯರು ಬಂದು ಆನೆ ಮೇಲಿಂದ ಇಳಿ ಎಂದು ಹೇಳುವವರೆಗೆ ಆ ಗರ್ವ ಅವನಿಗೆ ಕಾಣಲೇ ಇಲ್ಲ. ಮೂರು ಪಾಠಗಳೂ ಒಪ್ಪುವ ಮಾತು ಇದು: ರಾಜ್ಯ ಬಿಡುವುದು ಒಂದು ದಿನದ ಕೆಲಸ, ಬಿಟ್ಟೆನೆಂಬ ನೆನಪನ್ನು ಬಿಡಲು ವರ್ಷವಾದರೂ ಸಾಲದು. ಆ ಮುಳ್ಳು ಕೀಳಲು ಇನ್ನೊಬ್ಬರು ಬರಬೇಕಾಯಿತು, ಅಣ್ಣನಾಗಲಿ ತಂಗಿಯರಾಗಲಿ.

ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ಅಲ್ಲಿ ತಂದೆ ಯಶೌಘ ಒಂದು ನರೆಗೂದಲು ಕಂಡದ್ದೇ ತಡ ಮಗನಿಗೆ ಪಟ್ಟ ಕಟ್ಟಿ ಹೊರಟುಹೋಗುತ್ತಾನೆ. ಮಗ ಯಶೋಧರನಿಗೆ ಅಷ್ಟು ಸುಲಭವಾಗಲಿಲ್ಲ. ರಾಣಿ ಅಮೃತಮತಿ ನಸುಕಿನಲ್ಲಿ ಕೇಳಿದ ಹಾಡಿಗೆ ಸೋತು, ಹಾಡಿದ ವಿಕಾರರೂಪಿ ಮಾವುತನ ಬಳಿಗೆ ಇರುಳಲ್ಲಿ ಹೋಗತೊಡಗಿದಳು. ಅರಸ ಕತ್ತಿ ಹಿಡಿದು ಬೆನ್ನಟ್ಟಿದ, ಎತ್ತಿದ ಕತ್ತಿಯನ್ನು ಇಳಿಸಿ ಮರಳಿದ. ಅಲ್ಲಿಯೇ ಅವನಿಗೆ ವೈರಾಗ್ಯ ಹುಟ್ಟಿದೆ. ಆದರೆ ಬೆಳಗ್ಗೆ ತಾಯಿಯ ಮುಂದೆ ನಿಜ ಹೇಳಲಾರದೆ ಕೆಟ್ಟ ಕನಸು ಕಂಡೆನೆಂದ. ಕನಸಿನ ದೋಷಕ್ಕೆ ಪ್ರಾಣಿಬಲಿ ಕೊಡೆಂದಳು ತಾಯಿ. ಕೊಲ್ಲಲಾರೆನೆಂದವನು ಹಿಟ್ಟಿನ ಕೋಳಿಗೆ ಒಪ್ಪಿದ. ಕತ್ತಿ ಬಿದ್ದ ಕ್ಷಣ ಆ ಹಿಟ್ಟಿನ ಕೋಳಿ ಕೂಗಿತು. ಅಷ್ಟು ಹೊತ್ತಿಗೆ ಕಾಲ ಮೀರಿತ್ತು. ಕಾಡಿಗೆ ಹೊರಡುವ ಮೊದಲು ಕೊನೆಯ ಊಟಕ್ಕೆ ಕೂತ ಅವನಿಗೂ ಅವನ ತಾಯಿಗೂ ರಾಣಿ ವಿಷವಿಟ್ಟಳು. ನವಿಲಾಗಿ, ನಾಯಾಗಿ ಹುಟ್ಟಿ ಸತ್ತು ಹುಟ್ಟಿ ಸುತ್ತಿದ ಆ ಪಾಡನ್ನೆಲ್ಲ ಕೇಳಿ ಕೊನೆಗೆ ಬದಲಾಗುವವನು ಬೇರೊಬ್ಬ ಅರಸ ಮಾರಿದತ್ತ. ಚಂಡಮಾರಿಗೆ ಇಬ್ಬರು ಮಕ್ಕಳನ್ನು ಬಲಿಕೊಡಲು ಕತ್ತಿ ಹಿಡಿದು ನಿಂತಿದ್ದ ಅವನು ಆ ಮಕ್ಕಳ ಬಾಯಿಂದಲೇ ಕಥೆ ಕೇಳಿ ಕತ್ತಿ ಕೆಳಗಿಟ್ಟ.

ಜನ್ನನ ಈ ಕಟ್ಟು ನನಗೆ ಬಹಳ ಮುಖ್ಯ. ನಾಳೆ ಬಿಡುತ್ತೇನೆ ಎಂದ ಅರಸ ನಾಳೆಯನ್ನು ಕಾಣಲಿಲ್ಲ. ಬಿಟ್ಟವನು, ತಾನು ಕೊಲ್ಲಲಿದ್ದವರ ಮಾತಿಗೆ ಕಿವಿಗೊಟ್ಟವನು. ಆದರೆ ಜನ್ನನ ಮೇಲೆ ನನಗೊಂದು ಆಕ್ಷೇಪವೂ ಇದೆ, ಅದು ಈ ಪರಂಪರೆಯ ಮೇಲಿನ ಆಕ್ಷೇಪವೂ ಹೌದು. ಹೊಂಬುಜದ ಕಥೆಯಲ್ಲಿ ಬೇಡರ ಹೆಣ್ಣು, ಪಂಪನಲ್ಲಿ ನೀಲಾಂಜನೆ, ಜನ್ನನಲ್ಲಿ ಅಮೃತಮತಿ, ಮೂವರೂ ಅರಸನ ಕಣ್ಣು ಕೆಡಿಸಲು ಅಥವಾ ತೆರೆಸಲು ಬಂದು ಹೋಗುವವರು. ಅವರಿಗೊಂದು ಒಳಬದುಕಿದೆ, ಅವರಿಗೂ ಬಿಡುವ ಹಕ್ಕಿದೆ ಎಂಬುದು ಕಾವ್ಯಕ್ಕೆ ಹೊಳೆಯಲಿಲ್ಲ. ಶಾಸನಗಳು ಇದಕ್ಕಿಂತ ಉದಾರವಾಗಿವೆ. ಕಳಸದಿಂದ 13ನೆಯ ಶತಮಾನದಲ್ಲಿ ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ರಾಣಿಯರು ರಾಜ್ಯ ನಡೆಸಿದ್ದನ್ನು ಅವು ದಾಖಲಿಸುತ್ತವೆ. 1131ರಲ್ಲಿ ಶಿವಗಂಗೆಯಲ್ಲಿ ಹೊಯ್ಸಳ ರಾಣಿ ಶಾಂತಲೆ ತೀರಿಕೊಂಡ ಮೇಲೆ ಅವಳ ತಾಯಿ ಮಾಚಿಕಬ್ಬೆ ಶ್ರವಣಬೆಳಗೊಳಕ್ಕೆ ಬಂದು ಒಂದು ತಿಂಗಳ ಉಪವಾಸದಿಂದ ಪ್ರಾಣ ಬಿಟ್ಟದ್ದನ್ನೂ ಕಲ್ಲು ಹೇಳುತ್ತದೆ.

ಬಿಡುವುದಕ್ಕೆ ಕಾಡೇ ಬೇಕೆಂದಿಲ್ಲ ಎಂದವರು ಶರಣರು. ಸಕಳೇಶ ಮಾದರಸ ಕಲ್ಲುಕುರಿಕೆಯ ಅರಸೊತ್ತಿಗೆ ತೊರೆದವನು. ಮೋಳಿಗೆಯ ಮಾರಯ್ಯ ಕಾಶ್ಮೀರದ ಅರಸನಾಗಿದ್ದವನು, ಕಲ್ಯಾಣಕ್ಕೆ ಬಂದು ಕಟ್ಟಿಗೆ ಹೊರೆ ಮಾರಿ ಬದುಕಿದ ಎನ್ನುತ್ತದೆ ಪರಂಪರೆ. ಕಾಡಿಗೆ ಹೋದ ಅರಸನಿಗೆ ಭಿಕ್ಷೆ ಹಾಕಲು ಯಾರಾದರೂ ದುಡಿಯಲೇಬೇಕು. ಕಟ್ಟಿಗೆ ಹೊತ್ತವನು ಆ ಹಂಗನ್ನೂ ಬಿಟ್ಟ.

ಇನ್ನು ಕಾರ್ಕಳಕ್ಕೇ ಮರಳೋಣ. ಬಾಹುಬಲಿ ನಿಂತ ಸುಮಾರು 125 ವರ್ಷಗಳ ಮೇಲೆ, 1557ರಲ್ಲಿ, ರತ್ನಾಕರವರ್ಣಿ ‘ಭರತೇಶ ವೈಭವ’ ಬರೆದ. ಮೂಡುಬಿದಿರೆಯ ಈ ಕವಿ ಕಾರ್ಕಳದ ಭೈರರಸನ ಆಸ್ಥಾನದಲ್ಲಿದ್ದ, ರಾಜಕುಮಾರಿ ಅವನಿಗೆ ಒಲಿದಳು, ಗುಟ್ಟು ರಟ್ಟಾದಾಗ ಅವನು ಅಲ್ಲಿಂದ ಕಾಲ್ತೆಗೆದ ಎಂಬ ಕಥೆಯನ್ನು ದೇವಚಂದ್ರ 19ನೆಯ ಶತಮಾನದಲ್ಲಿ ‘ರಾಜಾವಳಿ ಕಥೆ’ಯಲ್ಲಿ ಹೇಳಿದ್ದಾನೆ. ಅದರ ಸತ್ಯಾಸತ್ಯ ಹಾಗಿರಲಿ. ಊರ ಗುಡ್ಡದ ಮೇಲೆ ಬಾಹುಬಲಿ ನಿಂತಿರುವಾಗ ಈ ಕವಿ ತನ್ನ ಕಾವ್ಯದ ನಾಯಕನನ್ನಾಗಿ ಆರಿಸಿಕೊಂಡದ್ದು ಸೋತ ಅಣ್ಣ ಭರತನನ್ನು! ಸುಮಾರು ಹತ್ತು ಸಾವಿರ ಸಾಂಗತ್ಯ ಪದ್ಯಗಳಲ್ಲಿ ಭರತ ಉಣ್ಣುತ್ತಾನೆ, ಹೆಂಡಿರೊಡನೆ ಸರಸವಾಡುತ್ತಾನೆ, ಸಂಗೀತ ಕೇಳುತ್ತಾನೆ, ನಡುನಡುವೆ ಕಣ್ಣುಮುಚ್ಚಿ ಆತ್ಮದಲ್ಲಿ ಲೀನನಾಗುತ್ತಾನೆ. ಭೋಗವಿಜಯ, ದಿಗ್ವಿಜಯಗಳಾದ ಮೇಲೆ ಯೋಗವಿಜಯ. ಅಣ್ಣತಮ್ಮಂದಿರ ಕಾಳಗವನ್ನೇ ರತ್ನಾಕರ ತಪ್ಪಿಸಿದ. ಭರತ ಮೆಲುಮಾತಿನಿಂದಲೇ ತಮ್ಮನನ್ನು ಗೆದ್ದ, ತಮ್ಮ ನಾಚಿ ಹೊರಟ. ಕೊನೆಗೆ ಭರತ ದೀಕ್ಷೆ ಪಡೆದಾಗ ಕೇವಲಜ್ಞಾನ ಬರಲು ವರ್ಷ ಹಿಡಿಯಲಿಲ್ಲ, ಗಳಿಗೆ ಸಾಕಾಯಿತು. ಸಂಸಾರದ ನಡುವೆಯೇ ಅಂಟದೆ ಇದ್ದವನಿಗೆ ಬಿಡಲು ಏನೂ ಉಳಿದಿರಲಿಲ್ಲ ಎಂಬುದು ರತ್ನಾಕರನ ವಾದ.

ವಾದ ಸುಂದರ, ಕಾವ್ಯ ಇನ್ನೂ ಸುಂದರ. ಸಾಂಗತ್ಯವನ್ನು ರಾಗವಾಗಿ ಹಾಡುವುದನ್ನು ಕೇಳಿದವರು ಅದನ್ನು ಮರೆಯುವುದಿಲ್ಲ. ಆದರೂ ಇದು ಅರಸರಿಗೆ ತೀರ ಹಿತವಾದ ಉತ್ತರ ಎಂದು ನಾನು ಹೇಳಲೇಬೇಕು. ಅರಮನೆಯನ್ನೂ ಬಿಡಬೇಡ, ಅಂತಃಪುರವನ್ನೂ ಬಿಡಬೇಡ, ಮನಸ್ಸಿನಲ್ಲಿ ಬಿಟ್ಟರೆ ಸಾಕು ಎಂದರೆ ಯಾವ ಅರಸ ಒಲ್ಲೆನೆಂದಾನು? ಮನಸ್ಸಿನಲ್ಲಿ ಬಿಟ್ಟದ್ದನ್ನು ಪರೀಕ್ಷೆ ಮಾಡುವವರು ಯಾರು? ರತ್ನಾಕರನಲ್ಲಿ ಇದಕ್ಕೆ ಉತ್ತರವಿಲ್ಲ. ಉತ್ತರ ಇರುವುದು ತುಳುವಿನ ಪಾಡ್ದನದಲ್ಲಿ.

ಕಲ್ಕುಡ–ಕಲ್ಲುರ್ಟಿಯರ ಪಾಡ್ದನವನ್ನು ಎ.ಸಿ. ಬರ್ನೆಲ್ 19ನೆಯ ಶತಮಾನದಲ್ಲೇ ಸಂಗ್ರಹಿಸಿದ್ದರು. ಭೂತಕೋಲದ ಅಂಗಳದಲ್ಲಿ ಅದು ಇವತ್ತಿಗೂ ಜೀವಂತ. ಕಥೆ ಹೀಗೆ: ಶಿಲ್ಪಿ ಬೀರ ಕಲ್ಕುಡ ಕಾರ್ಕಳಕ್ಕೆ ಬಂದು ಭೈರವ ಅರಸನಿಗೆ ಗೊಮ್ಮಟನನ್ನು ಕಡೆದುಕೊಟ್ಟ. ಕೆಲಸ ಕಂಡು ಅರಸ ಬೆರಗಾದ. ಇಂಥದ್ದು ಇನ್ನೊಂದು ಊರಲ್ಲಿ ಏಳಬಾರದು ಎಂದುಕೊಂಡ. ಶಿಲ್ಪಿಯ ಎಡಗೈಯನ್ನೂ ಬಲಗಾಲನ್ನೂ ಕಡಿಸಿದ. ಉಳಿದ ಒಂದು ಕೈ, ಒಂದು ಕಾಲಿನಲ್ಲಿ ಕಲ್ಕುಡ ವೇಣೂರಿಗೆ ಹೋಗಿ ಅಜಿಲ ಅರಸನಿಗೆ ಇನ್ನೊಬ್ಬ ಗೊಮ್ಮಟನನ್ನು ಎಬ್ಬಿಸಿದ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿ ಅವನ ಸ್ಥಿತಿ ಕಂಡು ಉರಿದುಹೋದಳು. ಇಬ್ಬರೂ ಮಾಯವಾಗಿ ದೈವಗಳಾದರು. ಕಾರ್ಕಳಕ್ಕೆ ಬೆಂಕಿ ಬಿತ್ತು, ಅರಸನ ನೆಮ್ಮದಿ ಹೋಯಿತು.

ಕಾರ್ಕಳದ ಮೂರ್ತಿ 1432ರದು, ವೇಣೂರಿನದು 1604ರದು. ನಡುವೆ 172 ವರ್ಷ. ಒಬ್ಬನೇ ಶಿಲ್ಪಿ ಎರಡನ್ನೂ ಕಡೆದಿರಲಾರ. ವೀರಪಾಂಡ್ಯ ಯಾರ ಕೈ ಕಡಿಸಿದ ಎಂಬುದಕ್ಕೂ ಶಾಸನದ ಆಧಾರವಿಲ್ಲ, ಅವನ ಮೇಲೆ ಆ ಆರೋಪ ಹೊರಿಸುವುದು ನ್ಯಾಯವಲ್ಲ. ಮೂರ್ತಿಯ ಶಾಸನ ಹೇಳುವುದು ಪನಸೋಗೆಯ ಲಲಿತಕೀರ್ತಿ ಮುನಿಗಳ ಮಾತಿನಂತೆ ಚಂದ್ರವಂಶದ ಭೈರವೇಂದ್ರನ ಮಗ ಇದನ್ನು ಮಾಡಿಸಿದ ಎಂದಷ್ಟೆ. ಆದರೆ ಪಾಡ್ದನ ಚರಿತ್ರೆಯಾಗಿ ನಿಲ್ಲದಿದ್ದರೂ ತೀರ್ಪಾಗಿ ನಿಲ್ಲುತ್ತದೆ. ತ್ಯಾಗದ ಮೂರ್ತಿಯೇ ಒಬ್ಬ ಅರಸನ ಆಸ್ತಿಯಾಗಿಬಿಡಬಹುದು, ‘ನನ್ನ ಬಾಹುಬಲಿಯಂಥವನು ಬೇರೆಲ್ಲೂ ಬೇಡ’ ಎಂಬ ಹಟವೇ ಅವನ ಕೊನೆಯ ಆಸೆಯಾಗಬಹುದು ಎಂದು ಕಲ್ಲು ಕಡಿಯುವವರ ಕುಲ ಕಂಡುಕೊಂಡಿತು. ಜಿನಸೇನರು ಹೇಳಿದ ಮುಳ್ಳು ಬಾಹುಬಲಿಯ ಒಳಗಿತ್ತು. ಪಾಡ್ದನ ಹೇಳುವ ಮುಳ್ಳು ಬಾಹುಬಲಿಯನ್ನು ನಿಲ್ಲಿಸಿದವನ ಒಳಗೆ. ಪಂಡಿತರು ಈ ಎರಡನ್ನು ಒಟ್ಟಿಗೆ ಓದದೆ ಬಿಟ್ಟದ್ದು ನಮ್ಮ ವಿದ್ವತ್ತಿನ ದೊಡ್ಡ ಕೊರತೆ. ಒಂದನ್ನು ಸಾಹಿತ್ಯವೆಂದೂ ಇನ್ನೊಂದನ್ನು ಜಾನಪದವೆಂದೂ ಬೇರೆ ಬೇರೆ ಕಪಾಟಿಗೆ ಹಾಕಿದ್ದೇವೆ.

ಬಯಕೆ ಬಿಟ್ಟವನಿಗೂ ಆಳುವವನಿಗೂ ಇರಬೇಕಾದ ಸಂಬಂಧವನ್ನು ತಿಳಿಯಲು ಮೂಡಿಗೆರೆ ತಾಲ್ಲೂಕಿನ ಅಂಗಡಿಗೆ ಹೋಗಬೇಕು. ಕಾಫಿ ತೋಟಗಳ ನಡುವಿನ ಈ ಊರೇ ಹಿಂದಿನ ಸೊಸೆವೂರು, ಹೊಯ್ಸಳರ ತವರು. ವಸಂತಿಕೆಯ ಗುಡಿಯ ಬಳಿ ಹುಲಿ ಎರಗಿದಾಗ ಸುದತ್ತ ಮುನಿ ಸಳನಿಗೆ ಹೊಡೆಯೆಂದ, ಸಳ ಹೊಡೆದ, ವಂಶ ಹುಟ್ಟಿತು ಎಂಬ ಕಥೆ ವಿಷ್ಣುವರ್ಧನನ ಕಾಲದಿಂದ ಶಾಸನಗಳಲ್ಲಿ ಬರುತ್ತದೆ. ಇಲ್ಲಿ ಅರಸ ಮುನಿಯಾಗಲಿಲ್ಲ, ಮುನಿಯೇ ಅರಸನನ್ನು ಮಾಡಿದ. ಊರಿನಲ್ಲಿ ಹಳೆಯ ಬಸದಿಗಳಿವೆ, ಪಾಳುಬಿದ್ದ ದೇಗುಲಗಳಿವೆ, ಸಮಾಧಿ ಪಡೆದ ಮುನಿಗಳ ಶಾಸನಗಳಿವೆ. 990ರ ಸುಮಾರಿಗೆ ವಿಮಲಚಂದ್ರ ಪಂಡಿತರು ಇಲ್ಲಿ ಸನ್ಯಸನ ಕೈಗೊಂಡರು. 1062ರಲ್ಲಿ ವಿನಯಾದಿತ್ಯ ಹೊಯ್ಸಳನ ಗುರು ಶಾಂತಿದೇವರು ತೀರಿಕೊಂಡಾಗ ಊರಿನ ವರ್ತಕ ಸಮೂಹ ತಮ್ಮ ಗುರುವಿಗೆ ಕಲ್ಲು ನಿಲ್ಲಿಸಿತು. ವಿನಯಾದಿತ್ಯನಿಗೆ ಸಿರಿ ಬಂದದ್ದು ಈ ಶಾಂತಿದೇವರ ಪಾದಸೇವೆಯಿಂದ ಎಂದು ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿ ನೆನೆಯುತ್ತದೆ. ಅರಸನಿಗೂ ಅಂಗಡಿಯವನಿಗೂ ಒಬ್ಬರೇ ಗುರು. ಆ ಗುರುವಿನ ಮುಂದೆ ಇಬ್ಬರೂ ಕೂರುತ್ತಿದ್ದರೆಂದರೆ ಒಬ್ಬರ ಮುಖ ಒಬ್ಬರು ನೋಡಲೇಬೇಕಿತ್ತು.

ಅದರ ಫಲ ಏನೆಂಬುದು ಚಿಕ್ಕಮಗಳೂರಿನ ಹತ್ತಿರದ ಮತ್ತಾವರದ 1069ರ ಶಾಸನದಲ್ಲಿದೆ. ಗುರು ತೀರಿಕೊಂಡ ಏಳು ವರ್ಷಕ್ಕೆ ವಿನಯಾದಿತ್ಯ ಮತ್ತಾವರಕ್ಕೆ ಬಂದ. ಬೆಟ್ಟದ ಮೇಲಿನ ಬಸದಿಗೆ ಹೋಗಿ ದೇವರ ದರ್ಶನ ಮಾಡಿದ. ಊರ ಒಳಗೆ ಕಟ್ಟದೆ ಬೆಟ್ಟದ ಮೇಲೆ ಯಾಕೆ ಬಸದಿ ಕಟ್ಟಿದಿರಿ ಎಂದು ಜನರನ್ನು ಕೇಳಿದ. ಮಾಣಿಕಸೆಟ್ಟಿ ಎಂಬುವನು ಮುಂದೆ ಬಂದು ಉತ್ತರ ಕೊಟ್ಟ: ಊರಲ್ಲಿ ಬಸದಿಯನ್ನು ನೀವೇ ಕಟ್ಟಿಸಿಕೊಡಬೇಕು, ನಾವು ಬಡವರು, ನಿಮ್ಮ ಸಿರಿಗೆ ಎಲ್ಲೆಯಿಲ್ಲ, ಮಲೆಯ ಒಡೆಯರ ಬತ್ತದಷ್ಟು ನಿಮ್ಮಲ್ಲಿ ಹಣವಿದೆ. ನೆರೆದ ಜನರೆದುರು, ದೇವರ ಸನ್ನಿಧಿಯಲ್ಲಿ, ಒಬ್ಬ ವರ್ತಕ ಅರಸನಿಗೆ ಅವನ ಸಂಪತ್ತಿನ ಅಳತೆ ಹೇಳಿದ. ಈ ಮಾತಿಗೆ ಅರಸ ಸಿಟ್ಟಾಗಲಿಲ್ಲ, ನಕ್ಕ. ಊರಲ್ಲಿ ಬಸದಿ ಕಟ್ಟಿಸಿದ. ಮಾಣಿಕಸೆಟ್ಟಿಯಿಂದಲೂ ಊರವರಿಂದಲೂ ಭೂಮಿ ಕೊಡಿಸಿ, ತಾನು ನಾಡಳಿಯಿಂದ ಬರುವ ಬತ್ತ ಕೊಟ್ಟ. ಬಸದಿಯ ಬಳಿ ಮನೆಗಳನ್ನು ಕಟ್ಟಿಸಿ ಆ ಕೇರಿಗೆ ಋಷಿಹಳ್ಳಿ ಎಂದು ಹೆಸರಿಟ್ಟ. ಮನೆದೆರೆ ಮೊದಲಾದ ತೆರಿಗೆಗಳನ್ನು ಒಂದೊಂದಾಗಿ ಹೆಸರು ಹೇಳಿ ಆ ಊರಿಗೆ ಬಿಟ್ಟುಕೊಟ್ಟ.

ಮಾರಸಿಂಹನ ಶಾಸನದಲ್ಲಿ ರಾಜ್ಯತ್ಯಾಗಕ್ಕೆ ಸಿಕ್ಕಿದ್ದು ಕೆಲವು ಮಾತು. ಇಲ್ಲಿ ಬಿಟ್ಟ ತೆರಿಗೆಗಳಿಗೇ ಒಂದು ಪಟ್ಟಿ ಸಿಕ್ಕಿದೆ. ಬೆಟ್ಟದ ಮೇಲಿನ ಬಸದಿಯಿಂದ ಇಳಿದು ಬಂದ ವಿನಯಾದಿತ್ಯ ಮುನಿಯಾಗಲಿಲ್ಲ, ಮುಂದೆಯೂ ಆಳಿದ. ಆದರೆ ಅಂದು ಅವನು ಏನು ಬಿಟ್ಟ ಎಂಬುದನ್ನು ಋಷಿಹಳ್ಳಿಯ ಪ್ರತಿ ಮನೆಯವರೂ ಬಲ್ಲವರಾಗಿದ್ದರು, ಮರುವರ್ಷ ತೆರಿಗೆ ಕೇಳಲು ಯಾರೂ ಬಾಗಿಲಿಗೆ ಬರುವಂತಿರಲಿಲ್ಲ.